ಎರಡು ಜೆರಾಕ್ಸ್ ಕೊಟ್ಟು ಒಳಗೆ ಹೋಗಿ

ತುಮಕೂರಿನ ಸಹಕಾರ ಸಂಘವೊಂದು ಸದಸ್ಯರಿಗಾಗಿ ಸೈಬರ್ ಸುರಕ್ಷತೆ ಅರಿವು ಕಾರ್ಯಾಗಾರ ಇಟ್ಟುಕೊಂಡಿತ್ತು. ಬೆಂಗಳೂರಿನ ಸಂಪನ್ಮೂಲ ವ್ಯಕ್ತಿಗಳು ಬಂದಿಳಿಯುವಷ್ಟರಲ್ಲಿ ತಟ್ಟೆ ಇಡ್ಲಿ ಮುಗಿದಿತ್ತು, ನೋಂದಣಿ ಮುಗಿದಿರಲಿಲ್ಲ. ಪ್ರತಿಯೊಬ್ಬರೂ ಆಧಾರ್ ಕಾರ್ಡಿನ ಎರಡು ಜೆರಾಕ್ಸಿಗೆ ಸಹಿ ಹಾಕಿ ಕೊಡಬೇಕಿತ್ತು; ಮೊಬೈಲ್ ನಂಬರು, ಬ್ಯಾಂಕ್ ಖಾತೆ ಸಂಖ್ಯೆ ಬೇರೆ. ವೇದಿಕೆಯ ಬ್ಯಾನರು ಮಾತ್ರ 'ನಿಮ್ಮ ವೈಯಕ್ತಿಕ ಮಾಹಿತಿಯನ್ನು ಯಾರಿಗೂ ಕೊಡಬೇಡಿ' ಅನ್ನುತ್ತಿತ್ತು. ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಓದಿ ತಗಾದೆ ತೆಗೆದರು. ಗುಮಾಸ್ತರು ತಲೆ ಎತ್ತದೆಯೇ ಹೇಳಿದರು: "ಯಾರಿಗೂ ಅಂದ್ರೆ ಹೊರಗಿನೋರಿಗೆ ಸಾರ್. ನಾವು ಆಫೀಸ್ನೋರು."

ಕಳ್ಳ ಯಾವತ್ತಿದ್ದರೂ ಹೊರಗಿನವನೇ. ಗೋಡೆಯ ಕ್ಯಾಲೆಂಡರಿನ ಕೆಳಗೆ ಪಾಸ್‌ವರ್ಡ್ ಬರೆದು ಅಂಟಿಸಿದವರು ಪಾಪ, ಮರೆವಿನವರು. ಮೂರು ತಿಂಗಳಿಗೊಮ್ಮೆ ಅದನ್ನು ಬದಲಿಸಲೇಬೇಕೆಂಬ ನಿಯಮವನ್ನು ಅವರು ಚಾಚೂ ತಪ್ಪದೆ ಪಾಲಿಸುತ್ತಾರೆ: ಹಿಂದಿನದು ಅಡ್ಮಿನ್123, ಈಗಿನದು ಅಡ್ಮಿನ್124.

ಆ ಜೆರಾಕ್ಸ್ ಅಂಗಡಿಗೂ ಒಮ್ಮೆ ಇಣುಕಿ. "ವಾಟ್ಸಾಪ್ ಮಾಡಿ ಅಣ್ಣ, ಪ್ರಿಂಟ್ ತೆಗಿತೀನಿ" ಅನ್ನುತ್ತಾನೆ ಹುಡುಗ. ಕಳಿಸಿದ್ದು ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್‌ಗೆ ಇಳಿದು ಅಲ್ಲೇ ವಾಸ. ಗುಬ್ಬಿಯವರ ಪಾನ್ ಕಾರ್ಡು, ಶಿರಾದವರ ಪಾಸ್‌ಬುಕ್ಕು, ಪಾವಗಡದವರ ಪಹಣಿ, ಯಾರದೋ ಮಗಳ ಮಾರ್ಕ್ಸ್ ಕಾರ್ಡು. ಜಿಲ್ಲೆಯ ಹತ್ತೂ ತಾಲ್ಲೂಕು ಇಷ್ಟು ಒಗ್ಗಟ್ಟಾಗಿ ಕೂತದ್ದನ್ನು ಯಾವ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯೂ ಕಂಡಿರಲಾರದು. ಫೈರ್‌ವಾಲ್ ಎಂಬ ಕಾವಲುಗೋಡೆ ಒಡೆಯುವ ಕಷ್ಟ ಯಾವ ಹ್ಯಾಕರನಿಗೂ ಬೇಡ, ಕಂಪ್ಯೂಟರ್ ಹಾಗೇ ಬಿಟ್ಟು ಹುಡುಗ ಟೀ ಕುಡಿಯಲು ಹೋಗುತ್ತಾನೆ.

ಸರ್ಕಾರ ಎಚ್ಚರಿಸಿಲ್ಲವೇ? ಎಚ್ಚರಿಸಿದೆ, ಎರಡು ದಿನದ ಮಟ್ಟಿಗೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಜೆರಾಕ್ಸ್ ಯಾರಿಗೂ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂದಿತು. 29ರಂದು ಕೇಂದ್ರವು, ಇದರಿಂದ ತಪ್ಪು ಅರ್ಥ ಬರಬಹುದೆಂದು ಅದನ್ನು ಹಿಂಪಡೆದು, ಜನ ಸಾಮಾನ್ಯ ವಿವೇಕ ಬಳಸಿದರೆ ಸಾಕು ಅಂದಿತು. ಬಳಸುತ್ತಿದ್ದೇವೆ. ಆಫೀಸಿನವರು ಎರಡು ಕೇಳಿದರೆ ನಾಲ್ಕು ಮಾಡಿಸಿ ಇಟ್ಟುಕೊಂಡಿರುತ್ತೇವೆ. ಮೇಷ್ಟ್ರು ಅವತ್ತು ಹಟಕ್ಕೆ ಬಿದ್ದು ಮಾಸ್ಕ್ಡ್ ಪ್ರತಿಯನ್ನೇ ಕೊಟ್ಟರು. ಗುಮಾಸ್ತರು ಬೆಳಕಿಗೆ ಹಿಡಿದು ನೋಡಿ, "ನಂಬರ್ ಸರಿಯಾಗಿ ಬಿದ್ದಿಲ್ಲ ಸಾರ್, ಬೇರೆ ಅಂಗಡೀಲಿ ಮಾಡಿಸ್ಕೊಂಡು ಬನ್ನಿ" ಅಂದರು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಯನ್ನು ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡವಿದೆ. ಸಂಘದ ಒಟ್ಟು ಠೇವಣಿಯೇ ಅಷ್ಟಿಲ್ಲವಾದ್ದರಿಂದ ಆಡಳಿತ ಮಂಡಳಿ ನಿಶ್ಚಿಂತೆಯಿಂದಿದೆ.

ತಲೆನೋವು ತಂದದ್ದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕಂತೆ. ಅದಕ್ಕೂ ಸಂಘದಲ್ಲಿ ದಾರಿ ಇದೆ. ಕಂಪ್ಯೂಟರ್ ನಿಧಾನವಾದರೆ ಸರ್ವರ್ ಡೌನ್. ಫೈಲುಗಳಿಗೆ ಬೀಗ ಹಾಕಿ ಒತ್ತೆಹಣವಾಗಿ ಬಿಟ್‌ಕಾಯಿನ್ ಕೇಳುವ ಕೆಂಪು ಪೆಟ್ಟಿಗೆ ಪರದೆಯ ಮೇಲೆ ಬಂದರೂ ಸರ್ವರ್ ಡೌನ್, ನಾಳೆ ಬನ್ನಿ. ಕಂಪ್ಯೂಟರ್ ಆಪರೇಟರ್ ಹುಡುಗಿ ಹೆದರಿ ಅದರ ಫೋಟೊ ತೆಗೆದು ಕಡತಕ್ಕೆ ಲಗತ್ತಿಸಿ ಕಳಿಸಿದಳು. ಕಾರ್ಯದರ್ಶಿಗಳು 'ಸಭೆಯ ಗಮನಕ್ಕೆ ತರತಕ್ಕದ್ದು' ಎಂದು ಷರಾ ಬರೆದರು. ಸಭೆ ಸೆಪ್ಟೆಂಬರಿನಲ್ಲಿದೆ. 6 ಗಂಟೆಯ ಎಣಿಕೆ ಅಲ್ಲಿಂದ ಶುರು.