ಫಲಿತಾಂಶ ಸರಿ, ಪರೀಕ್ಷೆಗೆ ಕೂತವರು ಯಾರು?

ಇಲ್ಲಿ ಅರಿಜೋನಾದ ಚಾಂಡ್ಲರ್‌ನಲ್ಲಿ ನಮ್ಮವರು ನಾಲ್ಕು ಮನೆಯವರು ಸೇರಿದರೆ ಸಾಕು, ಬಿಸಿಬೇಳೆಬಾತ್ ತಟ್ಟೆಗೆ ಬೀಳುವ ಮುಂಚೆಯೇ ಮಾತು ಶಾಲೆಗೆ ಬಂದಿರುತ್ತದೆ. 'ಲಾಟರಿ ಹತ್ತಿತಾ? ವೇಟಿಂಗ್ ಲಿಸ್ಟಲ್ಲಿ ಎಷ್ಟನೇ ನಂಬರು?' ಊರಿಂದ ಬಂದಿದ್ದ ಮಾವನವರು ಪಾಪ, ಎಲ್ಲರೂ ಲಾಟರಿ ಟಿಕೆಟ್ ಕೊಳ್ಳುತ್ತಾರೆ ಅಂದುಕೊಂಡಿದ್ದರು.

ಇದು ಚಾರ್ಟರ್ ಶಾಲೆಯ ಸೀಟಿನ ಮಾತು. ದುಡ್ಡು ಸರ್ಕಾರದ್ದು, ಆಡಳಿತ ಮಾತ್ರ ಬೇರೆಯವರದು. ನಮ್ಮ ಅನುದಾನಿತ ಶಾಲೆಗಳನ್ನು ನೆನೆಸಿಕೊಂಡರೆ ಅರ್ಧ ಅರ್ಥವಾಗುತ್ತದೆ. ಫೀಸಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಅರ್ಜಿ ಜಾಸ್ತಿ ಬಂದರೆ ಚೀಟಿ ಎತ್ತುತ್ತಾರೆ. ಮೊದಲ ಕಾನೂನು ಮಾಡಿದ್ದು ಮಿನ್ನೆಸೋಟ, 1991ರಲ್ಲಿ. ಅರಿಜೋನಾ ಮಾಡಿದ್ದು 1994ರಲ್ಲಿ. ಈಗ ಈ ರಾಜ್ಯದಲ್ಲಿ ಸರ್ಕಾರಿ ಖರ್ಚಿನಲ್ಲಿ ಓದುವ ಮಕ್ಕಳಲ್ಲಿ ಹೆಚ್ಚುಕಡಿಮೆ ಐದಕ್ಕೊಬ್ಬರು ಚಾರ್ಟರ್ ಶಾಲೆಯಲ್ಲಿದ್ದಾರೆ.

ನನ್ನ ಮಗಳಿಗೆ ಆರನೇ ಕ್ಲಾಸಿಗೆ ಸೀಟು ಸಿಕ್ಕ ದಿನ ನಾನು ಅಕ್ಕನಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ. ಅಕ್ಕ ಯಾದಗಿರಿ ಜಿಲ್ಲೆಯ ಸುರಪುರದ ಹತ್ತಿರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ದಾವಣಗೆರೆಯ ಕಡೆಯವಳು, ಪೋಸ್ಟಿಂಗ್ ಆದ ಮೇಲೆ ಅಲ್ಲೇ ನಿಂತುಬಿಟ್ಟಳು. 'ಇಲ್ಲಿ ಒಳ್ಳೇ ರಿಸಲ್ಟ್ ಬರೋ ಶಾಲೆ ಅಕ್ಕಾ' ಅಂದೆ. 'ಶಾಲೆ ಒಳ್ಳೇದೋ, ಆ ಮಕ್ಕಳ ಮನೆ ಒಳ್ಳೇದೋ?' ಅಂತ ಕೇಳಿದಳು. ಸುಮ್ನೆ ನಕ್ಕುಬಿಟ್ಟೆ.

ಅವಳ ಮಾತಿಗೆ ಕಾರಣವಿತ್ತು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇಕಡಾ 94 ತೆಗೆದು ಮೊದಲ ಸ್ಥಾನದಲ್ಲಿ ಕೂತಿತು. ಯಾದಗಿರಿ ಶೇಕಡಾ 50ರ ಆಸುಪಾಸಿನಲ್ಲಿ ಕೊನೆಗೆ ಉಳಿಯಿತು. ಮಾರನೆಯ ದಿನದಿಂದ ಬೈಗುಳವೆಲ್ಲ ಮೇಷ್ಟ್ರುಗಳಿಗೆ. 'ಹತ್ತಿ ಬಿಡಿಸೋ ಕಾಲಕ್ಕೆ ಬಂದು ನನ್ನ ಕ್ಲಾಸಲ್ಲಿ ತಲೆ ಎಣಿಸು' ಅನ್ನುತ್ತಾಳೆ ಅಕ್ಕ. ಹೆಣ್ಣುಮಕ್ಕಳು ಹೊಲದಲ್ಲಿರುತ್ತಾರೆ. ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಕಟ್ಟಡದ ಕೆಲಸದ ಜಾಗಕ್ಕೆ ಹೋಗಿರುತ್ತಾರೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ವಾಪಸ್ ಬರುತ್ತಾರೆ. ಉಡುಪಿಯ ಮೇಷ್ಟ್ರನ್ನು ಅಲ್ಲಿಗೆ ತಂದು ನಿಲ್ಲಿಸಿದರೆ ಅವರಾದರೂ ಏನು ಮಾಡಿಯಾರು?

ಚಾರ್ಟರ್ ಶಾಲೆಗಳ ಬಗ್ಗೆ ಇಲ್ಲಿ ಮೂವತ್ತು ವರ್ಷದಿಂದ ನಡೆಯುತ್ತಿರುವ ಜಗಳವೂ ಹೆಚ್ಚುಕಡಿಮೆ ಇದೇ. ಒಂದು ಕಡೆ ಬೇಸಿಸ್ ಅನ್ನುವ ಶಾಲೆಗಳಿವೆ. 1998ರಲ್ಲಿ ಟೂಸಾನ್‌ನಲ್ಲಿ ಶುರುವಾದವು. 2018ರಲ್ಲಿ ಯುಎಸ್ ನ್ಯೂಸ್ ಪತ್ರಿಕೆಯ ಹೈಸ್ಕೂಲ್ ಪಟ್ಟಿಯಲ್ಲಿ ದೇಶದ ಮೊದಲ ಐದೂ ಅರಿಜೋನಾದ ಬೇಸಿಸ್ ಶಾಲೆಗಳೇ. ಅರಿಜೋನಾದ ಸರ್ಕಾರಿ ಶಾಲೆಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಹಿಸ್ಪಾನಿಕ್, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಮನೆಗಳವರು. ಬೇಸಿಸ್ ಶಾಲೆಗಳಲ್ಲಿ ಅವರ ಪಾಲು ತುಂಬಾ ಕಡಿಮೆ, ನಮ್ಮಂಥ ಏಷ್ಯಾ ಮೂಲದವರ ಮಕ್ಕಳು ಜಾಸ್ತಿ. (ನನ್ನ ಮಗಳದು ಬೇಸಿಸ್ ಅಲ್ಲ, ಬೇರೆ ಶಾಲೆ.) ಇನ್ನೊಂದು ಕಡೆ 1994ರಲ್ಲಿ ಹೂಸ್ಟನ್‌ನಲ್ಲಿ ಹುಟ್ಟಿದ ಕಿಪ್ ಥರದ ಶಾಲೆಗಳು. ಅಲ್ಲಿ ಬಹುಪಾಲು ಬಡ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು. ದೇಶದ ಲೆಕ್ಕಕ್ಕೆ ಬಂದರೆ ಚಾರ್ಟರ್‌ನ ಸರಾಸರಿ ಮುಖ ಇವರದೇ, ನಮ್ಮ ಮಕ್ಕಳದಲ್ಲ. ನಮ್ಮ ಪಾರ್ಟಿಗಳಲ್ಲಿ ಈ ಮಾತು ಯಾಕೋ ಬರುವುದೇ ಇಲ್ಲ.

ಹಾಗಾದರೆ ಶಾಲೆ ಮಾಡಿದ ಕೆಲಸವನ್ನು ಅಳೆಯುವುದು ಹೇಗೆ? ಸ್ಟ್ಯಾನ್‌ಫರ್ಡ್‌ನ ಕ್ರೆಡೋ ಕೇಂದ್ರದವರು ಮಾಡಿದ ಉಪಾಯ ನನಗೆ ಹಿಡಿಸಿತು. ಚಾರ್ಟರ್‌ನ ಒಂದು ಮಗುವಿಗೆ ಪಕ್ಕದ ಮಾಮೂಲಿ ಸರ್ಕಾರಿ ಶಾಲೆಗಳಿಂದ ಜೋಡಿ ಹುಡುಕುತ್ತಾರೆ. ಅದೇ ಬಡತನ, ಅದೇ ಜನಾಂಗ, ಹಿಂದಿನ ವರ್ಷ ತೆಗೆದ ಅಂಕವೂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಯಾರು ಎಷ್ಟು ಮುಂದೆ ಹೋದರು ಅಂತ ನೋಡುತ್ತಾರೆ. 2009ರಲ್ಲಿ ಚಾರ್ಟರ್‌ಗಳು ಹಿಂದೆ ಬಿದ್ದಿದ್ದವು. 2023ರ ಹೊತ್ತಿಗೆ ಭಾಷೆ ಓದುವುದರಲ್ಲಿ ವರ್ಷಕ್ಕೆ 16 ದಿನದ ಪಾಠದಷ್ಟು, ಗಣಿತದಲ್ಲಿ 6 ದಿನದಷ್ಟು ಮುಂದಿದ್ದವು. ಹೆಚ್ಚು ಲಾಭ ಕಂಡಿದ್ದು ಬಡ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಲ್ಲಿ. ಪೂರಾ ಆನ್‌ಲೈನ್ ನಡೆಯುವ ಚಾರ್ಟರ್‌ಗಳು ಮಾತ್ರ ಗಣಿತದಲ್ಲಿ 124 ದಿನ ಹಿಂದೆ! ಆರು ದಿನದ ಗಣಿತಕ್ಕಾಗಿ ನಾವು ಮನೆ ಬದಲಾಯಿಸುತ್ತೇವಾ ಅಂತ ಹೆಂಡತಿ ಕೇಳಿದಳು. ಆಗಲೇ ಬದಲಾಯಿಸಿಯಾಗಿತ್ತು.

ಚೀಟಿ ಎತ್ತುವುದರಲ್ಲಿ ಮೋಸವಿಲ್ಲ, ಒಪ್ಪುತ್ತೇನೆ. ಆದರೆ ಚೀಟಿ ಹಾಕುವವರು ಯಾರು? ನಮ್ಮ ಆಫೀಸು ಗುಡಿಸುವ ಹೆಂಗಸಿಗೆ ನನ್ನ ಮಗಳ ವಯಸ್ಸಿನ ಮಗನಿದ್ದಾನೆ. ಶಾಲೆಯ ಬಗ್ಗೆ ಕೇಳಿದರು, ಉತ್ಸಾಹದಿಂದಲೇ ಹೇಳಿದೆ. 'ಬಸ್ ಬರುತ್ತಾ?' ಬರುವುದಿಲ್ಲ. ಅರಿಜೋನಾದಲ್ಲಿ ಚಾರ್ಟರ್‌ಗಳು ಬಸ್ ಕೊಡಲೇಬೇಕು ಅನ್ನುವ ನಿಯಮವಿಲ್ಲ. 'ಮಧ್ಯಾಹ್ನದ ಊಟ?' ಅದೂ ಇಲ್ಲ, ಮನೆಯಿಂದ ಡಬ್ಬಿ. ಅವರು ಅರ್ಜಿ ಹಾಕಲಿಲ್ಲ. ನಮ್ಮಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಹಳ್ಳಿಯ ಮಗುವನ್ನು ಶಾಲೆಯೊಳಕ್ಕೆ ಎಳೆದುಕೊಂಡು ಬಂತು. ಇಲ್ಲಿ ಊಟವಿಲ್ಲದ್ದೇ ಒಂದು ಜರಡಿ. ಯಾರನ್ನೂ ಬೇಡ ಅನ್ನಬೇಕಾಗಿಲ್ಲ.

ನಮ್ಮೂರಿನವರು ಮಾಡುವ ಜರಡಿ ಇಷ್ಟು ನಾಜೂಕಿನದಲ್ಲ. ನಾನು ಓದಿದ ಖಾಸಗಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಕೊನೆಗೆ ಕಡಿಮೆ ಅಂಕದವರ ಅಪ್ಪಂದಿರನ್ನು ಕರೆಸಿ ಟೀಸಿ ಕೈಗೆ ಕೊಡುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್: 'ನೂರಕ್ಕೆ ನೂರು ಫಲಿತಾಂಶ'. ನನ್ನ ಬೆಂಚಿನ ಗೆಳೆಯ ಆ ನೂರರಲ್ಲಿ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಇಲ್ಲಿನ ರೀತಿ ನನಗೆ ಇಷ್ಟ. 2002ರಲ್ಲಿ ಸಹಿಯಾದ ಒಂದು ಕಾನೂನಿನ ಪ್ರಕಾರ ಶಾಲೆಗಳ ಅಂಕವನ್ನು ಬಿಡಿಸಿ ತೋರಿಸಬೇಕು. ಬಡ ಮಕ್ಕಳದು ಬೇರೆ, ಇಂಗ್ಲಿಷ್ ಕಲಿಯುತ್ತಿರುವವರದು ಬೇರೆ, ಅಂಗವೈಕಲ್ಯ ಇರುವವರದು ಬೇರೆ. 2015ರ ಹೊಸ ಕಾನೂನು ಬಂದಾಗಲೂ ಇದನ್ನು ಬಿಡಲಿಲ್ಲ. ಸರಾಸರಿಯ ಹಿಂದೆ ಯಾರನ್ನೂ ಬಚ್ಚಿಡುವುದು ಸುಲಭವಲ್ಲ. ನಮ್ಮ ಪರೀಕ್ಷಾ ಮಂಡಳಿಯೂ ನಗರ, ಗ್ರಾಮೀಣ, ಮಾಧ್ಯಮ ಅಂತ ಇಡೀ ರಾಜ್ಯದ ಲೆಕ್ಕ ಹೇಳುತ್ತದೆ. ಆದರೆ ಒಂದು ಶಾಲೆಯ ಫಲಿತಾಂಶವನ್ನೂ ಅಲ್ಲಿ ಕೂತ ಮಕ್ಕಳ ಮನೆಯ ಸ್ಥಿತಿಯನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ನಮಗಿಲ್ಲ. ಯಾದಗಿರಿಯ ಮೇಷ್ಟ್ರಿಗೆ ನೋಟಿಸ್ ಕೊಡುವ ಮುಂಚೆ ಅಷ್ಟಾದರೂ ಮಾಡಬಹುದಲ್ವಾ?

ಮೊನ್ನೆ ಅಕ್ಕ ಫೋನಿನಲ್ಲಿ ಮತ್ತೊಂದು ಪ್ರಶ್ನೆ ಹಾಕಿದಳು. 'ನಿನ್ನ ಮಗಳ ಜೊತೆ ಆರನೇ ಕ್ಲಾಸಲ್ಲಿ ಎಷ್ಟು ಮಕ್ಕಳಿದ್ರು? ಈಗ ಎಷ್ಟಿದಾರೆ?' ಮಗಳು ಈಗ ಹನ್ನೊಂದನೇ ಕ್ಲಾಸು. ಹಳೇ ಇಯರ್‌ಬುಕ್ ತೆಗೆದು ಇಬ್ಬರೂ ಕೂತು ಎಣಿಸಿದೆವು. ಆಗ ನಾಲ್ಕು ಸೆಕ್ಷನ್. ಈಗ ಒಂದೂವರೆ. ಬಿಟ್ಟುಹೋದವರ ಫೋಟೋಗಳ ಮೇಲೆ ಮಗಳು ಬೆರಳಿಟ್ಟು ಹೇಳುತ್ತಾ ಹೋದಳು. ಇವನಿಗೆ ಗಣಿತ ಆಗಲಿಲ್ಲ. ಇವಳ ಅಮ್ಮನ ಶಿಫ್ಟ್ ಬದಲಾಯಿತು, ಬಿಡೋಕೆ ಯಾರೂ ಇರಲಿಲ್ಲ. ಇವನು ಯಾಕೆ ಹೋದ ಅಂತ ಗೊತ್ತಿಲ್ಲ ಅಪ್ಪಾ, ಒಂದು ದಿನ ಬರಲಿಲ್ಲ ಅಷ್ಟೇ.