ಸ್ಪಷ್ಟನೆ: 1984ರ ಅಕ್ಟೋಬರ್ 31ರ ಸುದ್ದಿ ಬೆಳಿಗ್ಗೆ ಟಿವಿಯಲ್ಲಿ ಬಂದಿತ್ತೇ?

‘ಇಂದಿರಾ ಗಾಂಧಿ ತೀರಿಕೊಂಡ ಸುದ್ದಿಯನ್ನು ಅಂದು ಬೆಳಿಗ್ಗೆಯೇ ಟಿವಿಯಲ್ಲಿ ನೋಡಿದೆವು’ ಎಂಬ ನೆನಪಿನ ಬರಹ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ದೆಹಲಿಯ ಸಫ್ದರ್‌ಜಂಗ್ ರಸ್ತೆಯ ಮನೆಯಲ್ಲಿ ಗುಂಡು ಹಾರಿದ್ದು ಬೆಳಿಗ್ಗೆ 9 ಗಂಟೆ ದಾಟಿದ ಮೇಲೆ. ಏಮ್ಸ್ ವೈದ್ಯರು ಸಾವನ್ನು ಘೋಷಿಸಿದ್ದು ಮಧ್ಯಾಹ್ನ 2.20ಕ್ಕೆ. ಆಕಾಶವಾಣಿ ಅದನ್ನು ಅಧಿಕೃತವಾಗಿ ಹೇಳುವಷ್ಟರಲ್ಲಿ ಸಂಜೆಯಾಗಿತ್ತು. ಅದಕ್ಕೂ ಮುಂಚೆ ತಿಳಿದವರಲ್ಲಿ ಹಲವರಿಗೆ ತಿಳಿದದ್ದು ಬಿಬಿಸಿ ರೇಡಿಯೊದಿಂದ. ದೂರದರ್ಶನದ ನಿತ್ಯದ ಬೆಳಗಿನ ಪ್ರಸಾರವಂತೂ ಶುರುವಾದದ್ದೇ 1987ರಲ್ಲಿ.

ಹಾಗೆಂದು ಬರೆದವರು ಸುಳ್ಳು ಹೇಳುತ್ತಿದ್ದಾರೆ ಎನ್ನುವುದು ಅನ್ಯಾಯ. ತೀನ್‌ಮೂರ್ತಿ ಭವನದಲ್ಲಿನ ಅಂತಿಮ ದರ್ಶನ, ನವೆಂಬರ್ 3ರ ಅಂತ್ಯಸಂಸ್ಕಾರ ಟಿವಿಯಲ್ಲಿ ಬಂದಿದ್ದವು. ಆ ದೃಶ್ಯಗಳು ಮೊದಲ ದಿನದ ನೆನಪಿನೊಳಗೆ ಸೇರಿಹೋಗುವುದು ತೀರಾ ಸಹಜ.

ಮನೆಯ ಹಿರಿಯರ ನೆನಪು ದಾಖಲಿಸುವವರು ‘ಟಿವಿಯಲ್ಲಿ ನೋಡಿದಿರಾ?’ ಎಂದು ಕೇಳಬೇಡಿ; ಉತ್ತರವನ್ನು ನಾವೇ ಬಾಯಿಗೆ ಹಾಕಿದಂತಾಗುತ್ತದೆ. ‘ಯಾರು ಹೇಳಿದರು, ಆಗ ಎಲ್ಲಿದ್ದಿರಿ, ಊಟ ಆಗಿತ್ತೇ?’ ಎಂದು ಕೇಳಿ. ಗುಂಡಿನ ಸುದ್ದಿ, ಸಾವಿನ ಸುದ್ದಿ ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಆಮೇಲಷ್ಟೇ ನವೆಂಬರ್ 1ರ ಪತ್ರಿಕೆಯೊಂದಿಗೆ ಹೋಲಿಸಿ. ಹೊಂದದಿದ್ದರೆ ಅವರ ಮಾತನ್ನು ತಿದ್ದಬೇಡಿ, ಪಕ್ಕದಲ್ಲಿ ಟಿಪ್ಪಣಿ ಹಾಕಿ.