ಕಾರಣವಿಲ್ಲದ ನಗು ಮತ್ತು ನಮ್ಮ ಕಟ್ಟೆಯ ನಗು

ಬ್ಯಾಂಕಿನ ನೌಕರಿಯಲ್ಲಿ ವರ್ಗವಾಗಿ ಮುಂಬಯಿಗೆ ಬಂದ ಹೊಸತರಲ್ಲಿ, ಒಂದು ದಿನ ಬೆಳಗಿನ ಆರೂವರೆಯ ಸುಮಾರಿಗೆ ಎದುರಿನ ಉದ್ಯಾನದಿಂದ ಮೂವತ್ತು ನಲವತ್ತು ಜನ ಒಮ್ಮೆಲೇ ಗಹಗಹಿಸಿ ನಕ್ಕ ಸದ್ದು ಕೇಳಿ, ಯಾರೋ ಬಿದ್ದಿರಬೇಕೆಂದು ನಾನು ಬಾಲ್ಕನಿಗೆ ಓಡಿದ್ದೆ. ಧಾರವಾಡದಲ್ಲಿ ಬೆಳೆದವನಿಗೆ ಹಾಗೆನಿಸಿದ್ದು ಸಹಜ. ಅಷ್ಟು ಜನ ಒಟ್ಟಿಗೆ ನಗಬೇಕಾದರೆ ಒಬ್ಬರಾದರೂ ಜಾರಿ ಬಿದ್ದಿರಬೇಕು, ಇಲ್ಲವೇ ಯಾರದಾದರೂ ಮಾನ ಹೋಗಿರಬೇಕು ಎಂಬುದು ನನ್ನ ಅನುಭವವಾಗಿತ್ತು. ಕೆಳಗೆ ನೋಡಿದರೆ ಯಾರೂ ಬಿದ್ದಿರಲಿಲ್ಲ. ವಯಸ್ಸಾದವರೇ ಹೆಚ್ಚಾಗಿದ್ದ ಒಂದು ಗುಂಪು ವೃತ್ತವಾಗಿ ನಿಂತು, ಚಪ್ಪಾಳೆಯ ತಾಳಕ್ಕೆ ‘ಹೋ ಹೋ, ಹಾ ಹಾ ಹಾ’ ಎನ್ನುತ್ತಿತ್ತು. ಬಳಿಕ ನಾಲಿಗೆಯನ್ನು ಪೂರ್ತಿ ಹೊರಚಾಚಿ, ಕಣ್ಣರಳಿಸಿ, ಬೆರಳುಗಳನ್ನು ಉಗುರಿನಂತೆ ಬಾಗಿಸಿ ಎಲ್ಲರೂ ‘ಸಿಂಹದ ನಗು’ ನಕ್ಕರು. ಅವರಲ್ಲಿ ನಮ್ಮ ಕೆಳಮಹಡಿಯ ನಿವೃತ್ತ ಇಂಜಿನಿಯರರೂ ಇದ್ದರು. ಲಿಫ್ಟಿನಲ್ಲಿ ಅವರು ನನ್ನ ಮುಖ ನೋಡಿಯೂ ನಕ್ಕವರಲ್ಲ.

ಈ ಪದ್ಧತಿ ಹುಟ್ಟಿದ್ದು ಮುಂಬಯಿಯಲ್ಲೇ. 1995ರ ಮಾರ್ಚ್ ತಿಂಗಳಿನಲ್ಲಿ ಅಂಧೇರಿಯ ಲೋಖಂಡ್‌ವಾಲಾ ಪ್ರದೇಶದ ಒಂದು ಉದ್ಯಾನದಲ್ಲಿ ಡಾ. ಮದನ್ ಕಟಾರಿಯಾ ಎಂಬ ವೈದ್ಯರು ಕೇವಲ ಐದು ಜನರೊಂದಿಗೆ ಮೊದಲ ನಗೆಕೂಟವನ್ನು ಆರಂಭಿಸಿದರು. ಮೊದಮೊದಲು ಒಬ್ಬೊಬ್ಬರಾಗಿ ನಡುವೆ ನಿಂತು ನಗೆಹನಿ ಹೇಳುವುದು, ಉಳಿದವರು ನಗುವುದು ಕ್ರಮವಾಗಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಒಳ್ಳೆಯ ಹಾಸ್ಯದ ದಾಸ್ತಾನು ಮುಗಿದು, ಅಶ್ಲೀಲವಾದವೂ ಇನ್ನೊಬ್ಬರನ್ನು ಚುಚ್ಚುವಂಥವೂ ಉಳಿದವು. ನೊಂದವರು ಕೂಟ ಬಿಡುತ್ತೇವೆಂದರು. ಆಗ ಕಟಾರಿಯಾ ಹಾಸ್ಯವನ್ನೇ ಕೈಬಿಟ್ಟು ನಗುವನ್ನಷ್ಟೇ ಉಳಿಸಿಕೊಂಡರು. ಯೋಗ ಕಲಿಸುತ್ತಿದ್ದ ಅವರ ಪತ್ನಿ ಮಾಧುರಿಯವರ ನೆರವಿನಿಂದ ಉಸಿರಾಟದ ಅಭ್ಯಾಸಗಳೂ ಅದಕ್ಕೆ ಸೇರಿದವು. ಮೇ ತಿಂಗಳ ಮೊದಲ ಭಾನುವಾರವನ್ನು ಈಗ ಅನೇಕ ದೇಶಗಳಲ್ಲಿ ನಗುವಿನ ದಿನವೆಂದು ಆಚರಿಸುತ್ತಾರೆ. ನನಗೆ ಮುಖ್ಯವೆನಿಸುವುದು ಆ ಎರಡು ವಾರಗಳ ಕಥೆ, ಏಕೆಂದರೆ ನಮ್ಮ ಊರಿನ ಕಟ್ಟೆಗೆ ಐವತ್ತು ವರ್ಷವಾದರೂ ಹೊಳೆಯದ ಸಂಗತಿ ಅಂಧೇರಿಯ ಐದು ಜನರಿಗೆ ಹದಿನೈದು ದಿನಗಳಲ್ಲಿ ಹೊಳೆದಿತ್ತು.

ನಮ್ಮ ಕಟ್ಟೆಯೆಂದರೆ ಓಣಿಯ ಕೊನೆಯ ಬೇವಿನ ಮರದ ಕೆಳಗಿನ ಕಲ್ಲುಕಟ್ಟೆ. ಸಂಜೆ ಆರರಿಂದ ಊಟದ ಹೊತ್ತಿನವರೆಗೆ ಅಲ್ಲಿ ನಡೆಯುತ್ತಿದ್ದ ಹರಟೆಗೆ ತಾಳವೂ ಇಲ್ಲ, ವೇಳಾಪಟ್ಟಿಯೂ ಇಲ್ಲ. ಹೊಟ್ಟೆ ಹುಣ್ಣಾಗುವಂತೆ ನಕ್ಕು, ಕಣ್ಣೊರೆಸಿಕೊಳ್ಳುತ್ತ ಮನೆಗೆ ಹೋದ ದಿನ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು ಎಂಬುದು ನನಗೆ ನೆನಪಿದೆ. ಯಾರದಾದರೂ ಮನೆಯಲ್ಲಿ ಸಾವಾದರೂ ಹದಿಮೂರು ದಿನ ಕಳೆದ ಮೇಲೆ ಆ ಮನೆಯವನನ್ನು ಒತ್ತಾಯ ಮಾಡಿ ಕಟ್ಟೆಗೆ ಕರೆತರುತ್ತಿದ್ದರು. ಅವನು ಮೊದಲ ಸಲ ನಕ್ಕಾಗ ಯಾರೂ ಅದನ್ನು ಎತ್ತಿ ಆಡುತ್ತಿರಲಿಲ್ಲ. ಇದಕ್ಕಿಂತ ಮೇಲಾದ ಚಿಕಿತ್ಸೆಯನ್ನು ನಾನು ಯಾವ ಊರಿನಲ್ಲೂ ನೋಡಿಲ್ಲ.

ವಿಜ್ಞಾನವೂ ಈ ವಿಷಯದಲ್ಲಿ ಕಟ್ಟೆಯ ಕಡೆಗೇ ವಾಲುತ್ತದೆ. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ತಮ್ಮ ವಿದ್ಯಾರ್ಥಿಗಳೊಂದಿಗೆ ಅಂಗಡಿ, ಬೀದಿಗಳಲ್ಲಿ ಜನ ನಗುವುದನ್ನು 1200 ಬಾರಿ ಗಮನಿಸಿ ಬರೆದಿಟ್ಟುಕೊಂಡರು. ಹಾಸ್ಯವೆನ್ನಬಹುದಾದ ಮಾತಿಗೆ ಹುಟ್ಟಿದ ನಗು ಅದರಲ್ಲಿ ಐದನೆಯ ಒಂದು ಪಾಲನ್ನೂ ಮೀರಲಿಲ್ಲ. ಉಳಿದದ್ದೆಲ್ಲ ‘ಬರ್ತೀನಿ’, ‘ಹೌದೇನು?’ ಎಂಬಂತಹ ಸಾದಾ ಮಾತುಗಳ ಹಿಂದೆ ಬಂದ ನಗು. ಒಬ್ಬಂಟಿಯಾಗಿರುವಾಗ ನಗುವುದಕ್ಕಿಂತ ಜನರ ನಡುವೆ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂದೂ ಅವರು ಕಂಡುಕೊಂಡರು. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಜನರಿಗೆ ಹಾಸ್ಯದ ದೃಶ್ಯಗಳನ್ನು ತೋರಿಸಿ, ಅನಂತರ ತೋಳಿಗೆ ರಕ್ತದೊತ್ತಡದ ಪಟ್ಟಿ ಬಿಗಿದೋ ಹೆಪ್ಪುಗಟ್ಟಿಸಿದ ಚೀಲ ಸುತ್ತಿಯೋ ಎಷ್ಟು ನೋವು ತಡೆಯುತ್ತಾರೆಂದು ಪರೀಕ್ಷಿಸಿದಾಗ, ಸದ್ದು ಮಾಡಿ ನಕ್ಕವರು ಹೆಚ್ಚು ತಾಳಿಕೊಂಡರು. ಮಿದುಳಿನಲ್ಲಿ ಬಿಡುಗಡೆಯಾಗುವ, ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಇದಕ್ಕೆ ಕಾರಣವೆಂದು ಅವರ ತರ್ಕ.

ದೇಹದೊಳಗೆ ನಡೆಯುವುದಂತೂ ಸರಳವಾಗಿದೆ. ಜೋರಾಗಿ ನಕ್ಕಾಗ ಹೊಟ್ಟೆಯ ಸ್ನಾಯುಗಳೂ ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಮತ್ತೆ ಮತ್ತೆ ಕುಗ್ಗಿ, ಉಸಿರನ್ನು ತುಂಡುತುಂಡಾಗಿ ಹೊರದೂಡುತ್ತವೆ. ಹಾಗಾಗಿ ಮುಂದಿನ ಉಸಿರು ತಾನಾಗಿಯೇ ಆಳವಾಗುತ್ತದೆ. ನಾಡಿ ಸ್ವಲ್ಪ ಹೊತ್ತು ಏರಿ ಆಮೇಲೆ ಇಳಿಯುತ್ತದೆ, ಬಿಗಿದ ಕೈಕಾಲು ಸಡಿಲವಾಗುತ್ತವೆ. ನಗುವಿನಿಂದ ಬೊಜ್ಜು ಕರಗುತ್ತದೆಂಬ ಮಾತನ್ನು ಮಾತ್ರ ನಂಬಬಾರದು. ಹತ್ತು ಹದಿನೈದು ನಿಮಿಷ ನಕ್ಕರೆ ಖರ್ಚಾಗುವುದು 10ರಿಂದ 40 ಕ್ಯಾಲೊರಿ, ಎಂದರೆ ಹೆಚ್ಚುಕಡಿಮೆ ಒಂದು ಮಾರಿ ಬಿಸ್ಕತ್ತು. ನಮ್ಮ ಉದ್ಯಾನದವರು ನಕ್ಕಾದ ಮೇಲೆ ಚಹದ ಜೊತೆಗೆ ಎರಡೆರಡು ಬಿಸ್ಕತ್ತು ತಿನ್ನುತ್ತಾರೆ.

ಜಪಾನಿನ ಯಮಗಾತ ಪ್ರಾಂತ್ಯದ ಉದಾಹರಣೆಯೂ ಇದೆ. ಅಲ್ಲಿನ ವಿಶ್ವವಿದ್ಯಾಲಯದವರು ನಲವತ್ತು ದಾಟಿದ 17,152 ಜನರನ್ನು ಕೆಲವು ವರ್ಷ ಗಮನಿಸಿ, ತಿಂಗಳಿಗೊಮ್ಮೆಯೂ ಗಟ್ಟಿಯಾಗಿ ನಗದವರಲ್ಲಿ ಸಾವಿನ ಪ್ರಮಾಣ ಹೆಚ್ಚೆಂದು 2020ರಲ್ಲಿ ಪ್ರಕಟಿಸಿದರು. 2024ರಲ್ಲಿ ಆ ಪ್ರಾಂತ್ಯದ ಸಭೆ, ಜನರು ದಿನಕ್ಕೊಮ್ಮೆಯಾದರೂ ನಗಬೇಕೆಂದು ಪ್ರೋತ್ಸಾಹಿಸುವ ನಿಯಮವನ್ನೇ ಅಂಗೀಕರಿಸಿತು. ಕಾಯಿಲೆಯಿಂದಲೋ ದುಃಖದಿಂದಲೋ ನಗಲಾರದವರ ಪಾಡೇನು ಎಂದು ವಿರೋಧ ಪಕ್ಷದವರು ಕೇಳಿದ್ದು ನನಗೆ ನ್ಯಾಯವೆನಿಸಿತು. ಆರೋಗ್ಯವಿದ್ದವರು ಹೆಚ್ಚು ನಗುತ್ತಾರೋ, ಹೆಚ್ಚು ನಗುವವರು ಆರೋಗ್ಯದಿಂದಿರುತ್ತಾರೋ ಎಂಬ ಪ್ರಶ್ನೆಗೆ ಅಂಥ ಅಧ್ಯಯನವೊಂದರಿಂದಲೇ ಉತ್ತರ ಸಿಗುವುದಿಲ್ಲ.

ಕೂಡಿ ನಗುವುದರಲ್ಲೇ ಲಾಭವಿರುವುದಾದರೆ, ಕಟ್ಟೆಯೇ ಗೆದ್ದಿತೆಂದು ನಾನು ಲೇಖನವನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗದಿರುವುದಕ್ಕೆ ಕಾರಣ ನಮ್ಮ ಓಣಿಯ ಒಬ್ಬ ಗುಮಾಸ್ತರು. ಅವರಿಗೆ ‘ಪ’ ಅಕ್ಷರದ ಮುಂದೆ ನಾಲಿಗೆ ತಡವರಿಸುತ್ತಿತ್ತು, ದುರದೃಷ್ಟಕ್ಕೆ ಅವರು ಕೆಲಸ ಮಾಡುತ್ತಿದ್ದುದು ಪಂಚಾಯಿತಿ ಕಚೇರಿಯಲ್ಲಿ. ‘ಎಲ್ಲಿಂದ ಬಂದ್ರಿ?’ ಎಂದು ದಿನವೂ ಒಬ್ಬರು ಕೇಳುವುದು, ಅವರು ಉತ್ತರ ಹೇಳಲು ಒದ್ದಾಡುವುದು, ಕಟ್ಟೆ ಬಿದ್ದು ಬಿದ್ದು ನಗುವುದು. ಅವರ ಧ್ವನಿಯನ್ನು ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದವನು ನಾನು. ಅವರೂ ನಗುತ್ತಿದ್ದರು, ಹಾಗಾಗಿ ನಮಗೆ ಅದು ಬರೀ ಚ್ಯಾಷ್ಟಿಯೆನಿಸಿತ್ತು. ಒಂದು ಮಳೆಗಾಲದಲ್ಲಿ ಅವರು ಕೆಸರಿನ ಹಿಂದಿನ ದಾರಿ ಹಿಡಿದು ಮನೆಗೆ ಹೋಗಲು ಶುರುಮಾಡಿದರು, ಆಮೇಲೆ ಕಟ್ಟೆಯ ಕಡೆಗೆ ಬರಲೇ ಇಲ್ಲ. ಆ ವರ್ಷಗಳಲ್ಲಿ ನಮ್ಮ ರಕ್ತದೊತ್ತಡ ಇಳಿದಿದ್ದರೆ, ಅಷ್ಟೇ ಅವರದು ಏರಿರಬೇಕು.

ಕನ್ನಡದ ಹಾಸ್ಯವೆಲ್ಲ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದ ‘ರಾಶಿ’ಯವರು, ಎಂದರೆ ಎಂ. ಶಿವರಾಂ, ವೃತ್ತಿಯಿಂದ ವೈದ್ಯರೇ. ಆದರೆ ದಿನನಿತ್ಯದ ಓಣಿಯ ನಗುವಿಗೆ ಸಂಪಾದಕರು ಇರುವುದಿಲ್ಲ.

ಇನ್ನೊಂದು ವ್ಯತ್ಯಾಸ ನನಗೆ ಬಹಳ ತಡವಾಗಿ ಕಂಡಿತು. ನಮ್ಮ ಕಟ್ಟೆಯ ಮೇಲೆ ಒಬ್ಬ ಹೆಂಗಸೂ ಕುಳಿತದ್ದಿಲ್ಲ. ‘ನಗುವ ಹೆಂಗಸನ್ನು, ಅಳುವ ಗಂಡಸನ್ನು ನಂಬಬಾರದು’ ಎಂಬ ಗಾದೆಯನ್ನು ನಮ್ಮಜ್ಜಿಯೇ ಮೊಮ್ಮಕ್ಕಳಿಗೆ ಕಲಿಸಿದವಳು. ಅವರ ನಗು ಅಡುಗೆಮನೆಯಲ್ಲಿ, ಸೆರಗು ಬಾಯಿಗೊತ್ತಿ, ಮುಸಿಮುಸಿಯಾಗಿ ನಡೆಯುವ ವ್ಯವಹಾರವಾಗಿತ್ತು. ನನ್ನ ಹೆಂಡತಿಯೂ ಮುಂಬಯಿಗೆ ಆ ಸೆರಗಿನೊಂದಿಗೇ ಬಂದವಳು. ನೆರೆಯ ಮರಾಠಿ ಹೆಂಗಸರು ಎಳೆದುಕೊಂಡು ಹೋದ ಮೇಲೆ ಅವಳು ನಗೆಕೂಟಕ್ಕೆ ಸೇರಿದಳು. ಮೊದಲ ವಾರ ಬರೀ ತುಟಿಯಾಡಿಸಿ ಬಂದಳಂತೆ. ಎರಡನೆಯ ತಿಂಗಳಲ್ಲಿ ಒಂದು ಬೆಳಗ್ಗೆ ನಾನು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ, ಆ ಮೂವತ್ತು ಕಂಠಗಳ ನಡುವೆ ಒಂದು ಕಂಠ ತೀರ ಪರಿಚಿತವೂ ತೀರ ಅಪರಿಚಿತವೂ ಆಗಿ ಕೇಳಿಸಿತು. ಮದುವೆಯಾಗಿ ಹದಿನೆಂಟು ವರ್ಷವಾದರೂ ಅವಳು ಗಟ್ಟಿಯಾಗಿ ನಕ್ಕರೆ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆದ್ದರಿಂದ, ತಾಳಕ್ಕೆ ನಗುವುದನ್ನು ಕೃತಕವೆಂದು ಗೇಲಿ ಮಾಡುವ ನಮ್ಮೂರಿನ ಗೆಳೆಯರೊಂದಿಗೆ ನಾನು ಈಗ ವಾದಿಸುತ್ತೇನೆ. ಅದು ಕೃತಕವೇ ಹೌದು. ಆದರೆ ಅರ್ಧ ನಿಮಿಷ ಸುಳ್ಳುಸುಳ್ಳೇ ನಕ್ಕರೆ ಎದುರಿನವನ ಪೆಚ್ಚುಮುಖ ನೋಡಿ ನಿಜವಾದ ನಗುವೇ ಬಂದುಬಿಡುತ್ತದೆ, ಮತ್ತು ಅದಕ್ಕಾಗಿ ಯಾವ ಗುಮಾಸ್ತರೂ ಹಿಂದಿನ ದಾರಿ ಹಿಡಿಯಬೇಕಾಗಿಲ್ಲ. ಹರ್ನಿಯಾ ಇದ್ದವರು, ಹೊಸದಾಗಿ ಹೊಟ್ಟೆಯ ಇಲ್ಲವೇ ಕಣ್ಣಿನ ಶಸ್ತ್ರಚಿಕಿತ್ಸೆಯಾದವರು, ನಕ್ಕರೆ ಉಬ್ಬಸ ಕೆರಳುವವರು ವೈದ್ಯರನ್ನು ಕೇಳಿಯೇ ಸೇರಬೇಕು. ಮತ್ತು ಮಾತ್ರೆ ಬಿಟ್ಟು ನಗುವವರನ್ನು ಕೂಟದ ಹಿರಿಯರೇ ಬೈದು ವಾಪಸು ಕಳಿಸುತ್ತಾರೆ.

ಕಟ್ಟೆಯಿಂದ ಉದ್ಯಾನ ಕಲಿಯಬೇಕಾದದ್ದೂ ಇದೆ. ಅರ್ಧ ಗಂಟೆ ಮುಗಿದೊಡನೆ ಕೆಲವರು ಗಡಿಯಾರ ನೋಡಿ, ಪಕ್ಕದವರ ಹೆಸರೂ ಕೇಳದೆ ಲೋಕಲ್ ಹಿಡಿಯಲು ಓಡುತ್ತಾರೆ. ಚಹಕ್ಕೆ ಉಳಿಯುವ ಹತ್ತು ಹನ್ನೆರಡು ಜನರಿಗೆ ಮಾತ್ರ ಯಾರ ಮಗಳ ಹೆರಿಗೆ, ಯಾರ ಮೊಣಕಾಲು ಎಂಬುದು ತಿಳಿದಿರುತ್ತದೆ. ಯಾರಾದರೂ ಮೂರು ದಿನ ಬರದಿದ್ದರೆ ಫೋನು ಮಾಡುವವರೂ ಅವರೇ.

ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೋದಾಗ, ಹಬ್ಬದ ಅಡುಗೆಯ ನಡುವೆ ವೈನಿ ನನ್ನ ಹೆಂಡತಿಗೆ ‘ಅದೇನೋ ಮುಂಬಯಿ ನಗಿ ಅಂತೀಯಲ್ಲ, ತೋರಸ ನೋಡೂಣು’ ಎಂದರಂತೆ. ಅವಳು ಹೂರಣದ ಕೈಯಲ್ಲೇ ಸಿಂಹದ ನಗು ನಕ್ಕು ತೋರಿಸಿದಳು. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಅಣ್ಣ ಬೆಚ್ಚಿಬಿದ್ದು ‘ಏನಾತ ಒಳಗ? ಯಾರ ಬಿದ್ರು?’ ಎಂದು ಕೂಗಿದ. ಒಳಗಿನಿಂದ ಉತ್ತರ ಬರಲಿಲ್ಲ. ನಾಲ್ಕು ಹೆಂಗಸರೂ ಮಾತನಾಡುವ ಸ್ಥಿತಿಯಲ್ಲಿರಲಿಲ್ಲ.